ಬಾತುಕೋಳಿಗೆ ಕೊಟ್ಟ ಗಂಜಿ

ಆಚೆಮನೆಯ ಅಕ್ಕ ಬಿಜೂರಿನ ನಮ್ಮ ಅಂಗಳಕ್ಕೆ ಬಂದರೆ ಮೊದಲು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಕೈ ಒಣಗಿದ್ದರೂ ಒರೆಸುವುದೇ. ಆಮೇಲೆ ನನ್ನನ್ನು ನೋಡಿ, ‘ಕಾಂತಾ ಕೂಕಂಡ್ರೆ ಆತ್ತಾ?’ ಅನ್ನುವರು. ‘ಕಾಂತಾ’ ಅಂದರೆ ನಮ್ಮ ಕಡೆ ನೋಡುತ್ತಾ ಎಂದು; ಹಾಗೆ ನೋಡುತ್ತ ಕೂರುವುದು ನನ್ನ ಹುಟ್ಟುಗುಣವೆಂದು ಅವರಿಗೆ ಗೊತ್ತಿತ್ತು.

ನಮ್ಮ ಬಾತುಕೋಳಿಯ ಬೆನ್ನನ್ನು ಮುಂಗುಸಿ ಕಚ್ಚಿ ಹರಿದಾಗ ಮಾತ್ರ ನಾನು ಸುಮ್ಮನೆ ಕೂರಲಿಲ್ಲ. ಗೂಡಿನ ಬಾಗಿಲು ಹಾಕಲು ಮರೆತವನು ನಾನೇ ಆದ್ದರಿಂದ ಆರೈಕೆಗೆ ಭಾರೀ ಹುರುಪು. ಮೊಬೈಲಿನಲ್ಲಿ ವಿಡಿಯೋ ನೋಡಿ ಗಾಯ ತೊಳೆದೆ, ಅರಿಸಿನ ಹಚ್ಚಿದೆ. ಗಾಯ ಒದ್ದೆಯಾಗದಿರಲೆಂದು ನೀರಿನ ಪಾತ್ರೆಯನ್ನೇ ಎತ್ತಿಟ್ಟೆ. ಒಣ ತೌಡು ಮುಂದಿಟ್ಟು, ‘ತಿನ್ನೆ ಮಾರಾಯ್ತಿ’ ಎಂದು ಇಡೀ ದಿನ ಎದುರಿಗೇ ಕೂತು ಬೇಡಿಕೊಂಡೆ. ಅದು ಮುಟ್ಟಲಿಲ್ಲ. ಗುಂಡಿ ತೋಡಲು ಒಂದು ತೆಂಗಿನ ಬುಡವನ್ನೂ ಗೊತ್ತುಮಾಡಿದೆ.

ಸಂಜೆ ಅಕ್ಕ ಬಂದರು, ಕೈ ಒರೆಸಿಕೊಂಡರು. ‘ಹ್ವಾಯ್, ನೀರೆಲ್ಲಿತ್ತ್? ಬಾತಿಗೆ ನೀರಿಲ್ದೆ ಗಂಟ್ಲಲ್ಲಿ ಇಳಿತ್ತಾ?’

ಕುಚ್ಚಲಕ್ಕಿ ಗಂಜಿಯ ತಿಳಿಯಲ್ಲಿ ತೌಡು ಕಲಸಿಟ್ಟು, ‘ನೀವ್ ಒಳ್ಗ್ ಹೋಯ್ನಿ’ ಅಂದರು. ಒಳಗೆ ಹೋಗಿ ಬಾಗಿಲ ಸಂದಿಯಿಂದ ನೋಡಿದೆ. ಅದು ಕೊಕ್ಕು ಅದ್ದಿ ಅದ್ದಿ ತಿನ್ನುತ್ತಿತ್ತು. ತಿಂಗಳೊಳಗೆ ಗದ್ದೆಗೂ ಇಳಿಯಿತು.

ಮುಂದಿನ ಮಳೆಗಾಲದಲ್ಲಿ ನಾನು ಜ್ವರ ಬಂದು ಮಲಗಿದೆ. ಮನೆಯವರೆಲ್ಲ ಮಂಚದ ಸುತ್ತ ಕೂತು, ‘ಎಂತಾರೂ ತಿನ್ನಿ’ ಎಂದು ಬೇಡುತ್ತಿದ್ದರು. ಅಕ್ಕ ಗಂಜಿ ತಂದಿಟ್ಟು ಕೈ ಒರೆಸಿಕೊಂಡರು. ‘ಕಾಂತಾ ಕೂಕಂಡ್ರೆ ಆತ್ತಾ? ಎಲ್ಲ ಹೊರ್ಗ್ ಹೋಯ್ನಿ’ ಎಂದು ಎಲ್ಲರನ್ನೂ ಅಟ್ಟಿ, ತಾವೂ ಹೋಗಿ ಬಾಗಿಲು ಎಳೆದುಕೊಂಡರು.

ಸಂದಿಯಲ್ಲಿ ಅವರದೊಂದು ಕಣ್ಣು ಕಂಡಿತು. ನಾನು ತೆಪ್ಪಗೆ ಬಟ್ಟಲಿಗೆ ಬಗ್ಗಿದೆ.