ಅಕ್ಕನ ಅತ್ತೆಗೆ ಟಿಎಸ್‌ಎಚ್ ತಿಳಿಸಿದ ದಿನ

ಓದುವ ಎಲ್ಲರಿಗೂ ಶರಣು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಮೀಸೆ ಬಂದ ಮೇಲೆ ಶಾಲೆ ಮುಗಿಸಿದವನು. ಹಟ ಹಿಡಿದು ನನ್ನನ್ನು ಶಾಲೆಗೆ ಕಳಿಸಿದವಳು ನನ್ನ ಅಕ್ಕ.

ಎಂಬತ್ತರ ದಶಕದ ಮಾತು. ಅಕ್ಕನನ್ನು ಕುರುಗೋಡಿಗೆ ಕೊಟ್ಟಿತ್ತು. ಒಂದು ವರ್ಷದಿಂದ ಅವಳ ಮುಖ ಊದಿಕೊಂಡು, ಕೂದಲು ಉದುರಿ, ದನಿ ದಪ್ಪಗಾಗಿತ್ತು. ಬೇಸಿಗೆಯಲ್ಲೂ ಚಳಿ ಅನ್ನುತ್ತಿದ್ದಳು, ಕೂತಲ್ಲೇ ತೂಕಡಿಸುತ್ತಿದ್ದಳು. ಅವಳ ಅತ್ತೆ ಅದಕ್ಕೆ ಮೈಗಳ್ಳತನ ಅಂತ ಹೆಸರಿಟ್ಟಿದ್ದರು.

ಬಳ್ಳಾರಿಯ ಡಾಕ್ಟರು ಕತ್ತಿನ ಥೈರಾಯ್ಡ್ ಗ್ರಂಥಿಯ ಅನುಮಾನದಿಂದ ರಕ್ತ ತೆಗೆಸಿ ಬೆಂಗಳೂರಿಗೆ ಕಳಿಸಿದರು. ಆಗ ಅತ್ತೆ ನನ್ನ ಮುಖಕ್ಕೇ ಹೇಳಿದ್ದರು: "ಪರೀಕ್ಷಿಯಾಗ ಏನೂ ಸಿಗಲಿಲ್ಲಂದ್ರ ಇಕಿನ್ನ ನಿಮ್ಮ ಸಿರುಗುಪ್ಪದ ಮನಿಯಾಗ ಇಟ್ಕೋರಿ."

ವರದಿ ಬಂದ ದಿನ ಅವರೂ ನಮ್ಮ ಜೊತೆ ಬಳ್ಳಾರಿಗೆ ಬಂದರು. ಲಕೋಟೆ ನನ್ನ ಕೈಗೇ ಸಿಕ್ಕಿತು. ಅಲ್ಲೇ ಬಿಡಿಸಿದೆ. ಟಿಎಸ್‌ಎಚ್ ಅನ್ನುವುದರ ಮುಂದೆ, ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಅಂಕಿ. ಓದಿದವನೆಂಬ ಜಂಬ ನೋಡಿ, ಡಾಕ್ಟರು ಕರೆಯುವ ಮೊದಲೇ ಹೇಳಿಬಿಟ್ಟೆ:

"ಸಿಕ್ತು ಅತ್ತಿ. ಅಕ್ಕನ ಥೈರಾಯ್ಡ್ ಗ್ರಂಥಿ ಭಾಳ ಕೆಲಸ ಮಾಡಾಕತ್ತೈತಿ."

"ಒಳಗ ಅಷ್ಟು ಕೆಲಸ ಮಾಡಾಕಿ ಹೊರಗ್ಯಾಕ ಮಲಗ್ತಾಳ ತಮ್ಮಾ?"

ನಾನು ಕಾಗದವನ್ನು ಮತ್ತೆ ಮೇಲಿನಿಂದ ಓದಿದೆ. ಅಕ್ಕ ತಲೆ ತಗ್ಗಿಸಿದಳು.

ಒಳಗೆ ಹೋಗಿ ಅದನ್ನೇ ಹೇಳಿದಾಗ ಡಾಕ್ಟರು ನಕ್ಕರು. "ಉಲ್ಟಾ ಓದೀಯಪ್ಪ. ಟಿಎಸ್‌ಎಚ್ ಗ್ರಂಥಿಯ ಕೆಲಸ ಅಲ್ಲ. 'ಕೆಲಸ ಮಾಡು' ಅಂತ ತಲಿಯಿಂದ ಗ್ರಂಥಿಗೆ ಬರೋ ಹುಕುಂ. ಕೆಲಸ ಅಂದ್ರ ಟಿ4. ಅದು ಇಳಿದೈತಿ, ಅದಕ್ಕ ಹುಕುಂ ಏರೈತಿ." ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ ಬರೆದರು.

ಹೊರಗೆ ಬಂದರೂ ಅತ್ತೆಯ ಮುಖ ಸಡಿಲಾಗಿರಲಿಲ್ಲ. ಬಸ್ ನಿಲ್ದಾಣದ ಹೊತ್ತಿಗೆ ನನಗೆ ತಟ್ಟನೆ ಹೊಳೆಯಿತು. ನಿಂತಲ್ಲಿ ನಿಲ್ಲಲಾಗಲಿಲ್ಲ.

"ಅತ್ತಿ, ನಿಮ್ಮ ಗದ್ದಿಗೆ ಕಾಲುವಿ ನೀರು ಬರಲಿಲ್ಲಂದ್ರ ಮಾವ ಏನ್ಮಾಡ್ತಾರ?"

"ಕಾಲುವಿ ನೀರು ಬಿಡೋ ನೀರುಗಂಟಿ ಮನಿ ಮುಂದ ನಿಂತು ಒದರ್ತಾರ. ಊರಿಗೆಲ್ಲ ಕೇಳ್ತೈತಿ."

"ನೀರು ಬಂದ್ರ?"

"ಹೊದ್ದು ಮಲಗ್ತಾರ."

"ಟಿಎಸ್‌ಎಚ್ ಅಂದ್ರ ಆ ಒದರಾಟ. ಟಿ4 ಅಂದ್ರ ನೀರು. ನೀರುಗಂಟಿ ಅಂದ್ರ ಗ್ರಂಥಿ. ಒದರಾಟ ಜೋರಾಗೈತಿ ಅಂದ್ರ ನೀರು ಬಂದಿಲ್ಲ ಅಂತ. ಅಕ್ಕನ ಮೈ ಒಣಗಿದ ಗದ್ದಿ ಆಗೈತಿ."

ಕುರುಗೋಡಿನ ಬಸ್ಸು ಬಂದಾಗ ಅತ್ತೆ ಅಕ್ಕನ ಕೈಚೀಲವನ್ನು ತಾವೇ ಎತ್ತಿಕೊಂಡರು.

"ನಾ ಇಷ್ಟು ದಿನ ಗದ್ದಿನ್ನ ಬೈದೆ ನೋಡು," ಅಂದರು.

ಮರುಪರೀಕ್ಷೆಯ ಕಾಗದ ಬಂದಾಗ ಅವರು ಕೇಳಿದ್ದು ಒಂದೇ ಮಾತು: "ತಮ್ಮಾ, ಒದರಾಟ ಎಷ್ಟಕ್ಕ ಇಳೀತು?"

ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಈ ಸಲ ನಾನು ಡಾಕ್ಟರನ್ನು ಕೇಳಿಯೇ ಹೇಳಿದೆ.

ನಿಮ್ಮ ಮನೆಯಲ್ಲೂ ಇಂಥ ಕಾಗದವನ್ನು ಯಾರಾದರೂ ಉಲ್ಟಾ ಓದಿದ್ದುಂಟೇ? ಇದ್ದರೆ ಬರೆದು ತಿಳಿಸಿ. ನಾನೊಬ್ಬನೇ ಅಲ್ಲ ಅಂತ ಸಮಾಧಾನವಾಗುತ್ತದೆ.