ಜಪಾನಿನ ಸಿಂಹ ಕೇಳಿದ್ದು

ಮೈಮೇಲೆ ದೇವರು ಬರುತ್ತದೆ ಎನ್ನುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಎಲ್ಲ ನಾಟಕ ಎಂದು ಎದುರಿಗೇ ಹೇಳಿಬಿಡುತ್ತಿದ್ದೆ. ದೇವರ ವಿಷಯದಲ್ಲಿ ಈಗಲೂ ನಾನು ಬದಲಾಗಿಲ್ಲ. ಆದರೆ ಎಂಬತ್ತರ ದಶಕದ ಆರಂಭದಲ್ಲಿ, ಬಸವನಗುಡಿಯ ಒಂದು ಶಾಲೆಯ ಮೈದಾನದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ನಾಟಕ ಎನ್ನಲು ಬಾಯಿ ಬರುವುದಿಲ್ಲ.

ಆಗ ಅಮ್ಮ ತೀರಿಕೊಂಡು ಆರೇಳು ತಿಂಗಳಾಗಿತ್ತು. ಅವಳಿದ್ದದ್ದು ಬಸವನಗುಡಿಯಲ್ಲಿ, ಅಣ್ಣನ ಮನೆಯಲ್ಲಿ. ನಾನು ತ್ಯಾಗರಾಜನಗರದಲ್ಲಿ, ನಡೆದೇ ಹೋಗುವಷ್ಟು ಹತ್ತಿರ. ಬೌದ್ಧರ ಮನೆಯ ಹುಡುಗನನ್ನು ಮದುವೆಯಾದೆನೆಂದು ಅಣ್ಣ ನನ್ನನ್ನು ಹೊಸ್ತಿಲು ತುಳಿಯಲು ಬಿಡುತ್ತಿರಲಿಲ್ಲ. ಅದು ಹಾಳಾಗಿ ಹೋಗಲಿ. ಅಮ್ಮ ಹಾಸಿಗೆ ಹಿಡಿದಳು, ಸತ್ತಳು, ಸುಟ್ಟೂ ಬಂದರು. ನನಗೆ ಒಂದು ಮಾತು ಹೇಳಿಕಳಿಸಲಿಲ್ಲ. ಮರುದಿನ ಬೆಳಿಗ್ಗೆ ತರಕಾರಿಯವಳು, "ನಿಮ್ಮಮ್ಮ ಹೋಗ್ಬಿಟ್ರಂತಲ್ಲಕ್ಕ, ನೀವ್ಯಾಕೆ ಇಲ್ಲೇ ಇದೀರ?" ಎಂದಾಗಲೇ ನನಗೆ ತಿಳಿದದ್ದು.

ಓಡಿಹೋಗಿ ಅಣ್ಣನ ಗೇಟಿನ ಹೊರಗೆ ನಿಂತು ಕೇಳಿದೆ.

"ಇಲ್ಲಿ ಗಲಾಟೆ ಮಾಡ್ಬೇಡ. ಅಮ್ಮ ನಿನ್ನ ಹೆಸ್ರೂ ಎತ್ಲಿಲ್ಲ," ಎಂದು ಒಳಗೆ ಹೋದ.

ಆ ಮಾತು ಹೊಟ್ಟೆಯೊಳಗೆ ಕೆಂಡದ ಹಾಗೆ ಕೂತಿತ್ತು. ಉಂಡರೂ ಅದೇ, ಮಲಗಿದರೂ ಅದೇ. ಹೀಗೇ ತಿಂಗಳುಗಳು ಕಳೆದ ಮೇಲೆ, ಮನಸ್ಸು ಹಗುರವಾಗಲಿ ಎಂದೇ ನನ್ನ ಯಜಮಾನರು ಒಂದು ಸಂಜೆ ಆ ಶಾಲೆಯ ಮೈದಾನಕ್ಕೆ, ಜಪಾನಿನಿಂದ ಬಂದವರ ಕುಣಿತ ನೋಡಲು ನನ್ನನ್ನು ಎಳೆದುಕೊಂಡು ಹೋದರು. ಅಲ್ಲಿ ಮುಂದಿನ ಸಾಲಿನಲ್ಲಿ ಅಣ್ಣ ಕೂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಎದ್ದು ಹೋಗಬೇಕೆಂದುಕೊಂಡೆ. ನಾನೇಕೆ ಹೋಗಲಿ ಎಂದು ಹಟದಿಂದ ಕೂತೆ.

ಅದು ಅವರ ಊರ ದೇವಸ್ಥಾನದ ಹಬ್ಬದಲ್ಲಿ ಮಾಡುವ ಸಿಂಹ ಕುಣಿತವಂತೆ. ಕೆಂಪು ಬಣ್ಣದ ಮರದ ತಲೆ, ಹಸಿರು ಬಟ್ಟೆಯ ಮೈ, ಒಳಗೆ ಇಬ್ಬರು. ಸಿಂಹ ತಲೆ ಕಚ್ಚಿದರೆ ಕೆಟ್ಟದ್ದೆಲ್ಲ ಹೋಗುತ್ತದೆ ಎಂದು, ಜಪಾನಿ ಭಾಷೆ ಬಲ್ಲ ನಮ್ಮ ಕಡೆಯವರೊಬ್ಬರು ಮೈಕಿನಲ್ಲಿ ವಿವರಿಸುತ್ತಿದ್ದರು. ಕೊಳಲಿನ ಜೊತೆಗೆ ಸಿಂಹ ವೇದಿಕೆಯಿಂದ ಕೆಳಗಿಳಿದು ಟಕ್ ಟಕ್ ಎಂದು ಒಬ್ಬೊಬ್ಬರ ತಲೆ ಕಚ್ಚುತ್ತ ಬಂತು. ಜನ ನಗುತ್ತಿದ್ದರು.

ಅಣ್ಣನ ತಲೆಯ ಮೇಲೆ ಅದು ಬಾಯಿ ತೆರೆಯಿತು. ಮುಚ್ಚಲಿಲ್ಲ. ಕೊಳಲು ತಡವರಿಸಿ ನಿಂತಿತು. ಒಳಗೆ ಮುಂದಿದ್ದವರು ಮರದ ತಲೆಯನ್ನು ಕಳಚಿ ಕೆಳಗಿಟ್ಟರು. ವಯಸ್ಸಾದವರು, ಮೈ ನಡುಗುತ್ತಿತ್ತು. ಅಣ್ಣನ ಮುಖ ನೋಡಿ ತಮ್ಮ ಭಾಷೆಯಲ್ಲಿ ಏನೋ ಕೂಗಿ ಕೇಳಿದರು. ಮೈಕಿನವರು ಅಭ್ಯಾಸಬಲದಿಂದ ಹೇಳಿಯೇಬಿಟ್ಟರು: "ಅಷ್ಟೊಂದ್ಸಲ ಹೇಳಿದ್ನಲ್ಲ, ನನ್ನ ಮಗಳನ್ನ ಯಾಕೆ ಕರೀಲಿಲ್ಲ ಅಂತ ಕೇಳ್ತಿದಾರೆ." ಹೇಳಿದ ಮೇಲೆ ಅವರೇ ಗಾಬರಿಯಾದರು.

ಅಣ್ಣ ಎದ್ದು ದಡದಡ ಹೊರಗೆ ನಡೆದ. ನಾನು ಹಿಂದೆಯೇ ಓಡಿ ರಸ್ತೆಯಲ್ಲಿ ತೋಳು ಹಿಡಿದೆ.

"ಅಮ್ಮ ನನ್ನ ಕೇಳಿದ್ಲಾ?"

"ಬಿಡು."

"ಕೇಳಿದ್ಲಾ, ಹೇಳು."

"ಕೇಳಿದ್ಲು. ದಿನಾ ಕೇಳಿದ್ಲು," ಎಂದು ಕೈ ಕೊಸರಿಕೊಂಡು ಹೋದ.

ವಾಪಸು ಬಂದಾಗ ಆ ಮುದುಕರು ವೇದಿಕೆಯ ಪಕ್ಕ ನೀರು ಕುಡಿಯುತ್ತಿದ್ದರು. ಮೈಕಿನವರ ಮೂಲಕ ವಿಚಾರಿಸಿದೆ. ಅವರಿಗೆ ಮಗಳೇ ಇಲ್ಲವಂತೆ. ಕೂಗಿದ್ದೂ ನೆನಪಿಲ್ಲವಂತೆ. ಆ ಮಾತು ಅವರ ಬಾಯಿಗೆ ಹೇಗೆ ಬಂತು, ಅಷ್ಟು ಜನರಲ್ಲಿ ಅಣ್ಣನ ಮುಂದೆಯೇ ಏಕೆ ಬಂತು, ಎಷ್ಟು ಯೋಚಿಸಿದರೂ ನನಗೆ ತಿಳಿದಿಲ್ಲ. ಯಾರಿಗಾದರೂ ತಿಳಿದರೆ ಹೇಳಲಿ.

ತಾನೇನು ಮಾಡಿದೆನೆಂದೇ ಅರಿಯದ ಆ ಮನುಷ್ಯ ನನ್ನೆದುರು ಸೊಂಟ ಬಗ್ಗಿಸಿ ಕ್ಷಮೆ ಕೇಳಿದರು. ಎಲ್ಲ ತಿಳಿದೇ ಮಾಡಿದ ಅಣ್ಣ ಇವತ್ತಿಗೂ ಕೇಳಿಲ್ಲ.