ರಿಯಾಲಿನ ಧಾರಣೆ

ನನ್ನ ಅಪ್ಪ ಬೈಲಹೊಂಗಲದ ಹತ್ತಿ ದಲಾಲ. ಧಾರಣೆ ಇಳಿದಾಗ ಮಾಲು ಕೊಡಬಾರದು, ತಡೆಯಬೇಕು ಎನ್ನುವುದು ಅವನ ಮಟ್ಟಿಗೆ ವೇದವಾಕ್ಯ. ಕೋಣೆ ತುಂಬ ಹತ್ತಿ ತುರುಕಿದ ಅಂಡಗಿಗಳನ್ನು ಒಟ್ಟಿ, ಅದರಲ್ಲಿ ಇಲಿಗಳು ಸಂಸಾರ ಹೂಡಿದರೂ ಅಪ್ಪ ಅಲುಗಾಡುತ್ತಿರಲಿಲ್ಲ. ಹಾಗೆ ತಡೆದು ಒಂದೆರಡು ಸಲ ಕೈತುಂಬ ಗಳಿಸಿದ್ದೂ ಉಂಟು. ಆ ಕಥೆಯನ್ನು ಮನೆಗೆ ಬಂದ ಬೀಗರಿಗೆಲ್ಲ ಎಷ್ಟು ಸಲ ಹೇಳಿದ್ದಾನೋ ಶಿವನೇ ಬಲ್ಲ. ತಡೆದು ಕೈಸುಟ್ಟುಕೊಂಡ ವರ್ಷಗಳ ಸುದ್ದಿಯನ್ನು ಮಾತ್ರ ಅವ್ವನೇ ಹೇಳಬೇಕಿತ್ತು.

ತಮ್ಮ ಮಸ್ಕತ್ತಿಗೆ ಹೋಗಿ ಕ್ರೇನ್ ಓಡಿಸತೊಡಗಿದ ಮೇಲೆ ಅಪ್ಪನಿಗೆ ಇನ್ನೊಂದು ಮಾಲು ಸಿಕ್ಕಿತು, ಒಮಾನಿನ ರಿಯಾಲು. ಒಂದು ರಿಯಾಲಿಗೆ ನಮ್ಮ ಇನ್ನೂರು ಚಿಲ್ಲರೆ ರೂಪಾಯಿ, ಅದೂ ದಿನಾ ಬದಲಾಗುತ್ತದೆ ಎಂದು ತಿಳಿದದ್ದೇ ತಡ, ಅವನ ಕಿವಿ ನೆಟ್ಟಗಾಯಿತು. ಪಕ್ಕದ ಅಂಗಡಿಯವರು ಮೊಬೈಲಿನಲ್ಲಿ ಹಿಂದಿನ ವರ್ಷಗಳ ದರವನ್ನೆಲ್ಲ ಗೆರೆ ಎಳೆದು ತೋರಿಸುವ ನಕ್ಷೆ ತೆಗೆದುಕೊಟ್ಟರು. ಗೆರೆ ಅಲ್ಲಲ್ಲಿ ತಗ್ಗಿದರೂ ಕೊನೆಗೆ ಮೇಲಕ್ಕೇ ಹೋಗಿತ್ತು.

"ಇದು ಬೀಳೂ ಮಾಲಲ್ಲ ನೋಡವಾ. ತಡದಷ್ಟೂ ಏರತೈತಿ," ಎಂದ ನನಗೆ. ನಮ್ಮ ರೂಪಾಯಿ ಸೋಲುವುದನ್ನು ನೋಡಿ ಇಷ್ಟು ಖುಷಿಪಟ್ಟ ದೇಶಭಕ್ತನನ್ನು ನಾನು ಬೇರೆ ಕಂಡಿಲ್ಲ.

ಅಂದಿನಿಂದ ತಮ್ಮನ ಉಳಿತಾಯವೆಲ್ಲ ಅಲ್ಲಿಯ ಬ್ಯಾಂಕಿನಲ್ಲೇ ಕೂತಿತು. ಮನೆಖರ್ಚಿಗಷ್ಟೇ ಬರುತ್ತಿತ್ತು. ಒಮ್ಮೆ ಅವನು ಕೇಳದೆ ಹಣ ಕಳಿಸಿಬಿಟ್ಟ. ಮರುವಾರವೇ ದರ ಏರಿತು. ಅದನ್ನು ಅಪ್ಪ ವರ್ಷವಿಡೀ ಆಡಿ ಆಡಿ ಅವನ ಜೀವ ತಿಂದ. ತಮ್ಮ ಆಮೇಲೆ ಕೇಳದೆ ಒಂದು ರಿಯಾಲನ್ನೂ ಕದಲಿಸಲಿಲ್ಲ. ದಿನಾ ಬೆಳಗ್ಗೆ ಅಂಗಡಿಗೆ ಹೊರಡುವ ಮುಂಚೆ ಅಪ್ಪ ಅವನಿಗೆ ಫೋನ್ ಹಚ್ಚಿ, "ಇವತ್ತ ಏನೈತಿ?" ಎನ್ನುತ್ತಿದ್ದ. ಒಳಗಿನಿಂದ ಅವ್ವ, "ಮೊದಲ ನಾಷ್ಟಾ ಆತೇನು ಕೇಳ್ರಿ ಹುಡುಗಗ," ಎನ್ನುತ್ತಿದ್ದಳು.

ಹತ್ತಿ ಬಿಡಿಸುವ ದಿನಗಳಲ್ಲಿ ಅವ್ವನಿಗೆ ಏದುಸಿರು ಶುರುವಾಯಿತು. ನಾನು ಕಿತ್ತೂರಿಗೆ ಕೊಟ್ಟ ಮಗಳು. ಬಸ್ಸು ಹಿಡಿದು ಬಂದು ಅವಳನ್ನು ಬೆಳಗಾವಿಗೆ ಕರೆದೊಯ್ದೆ. ಹೃದಯದ ಕವಾಟ ಕೆಟ್ಟಿದೆ, ಬದಲಿಸಬೇಕು ಎಂದರು ಡಾಕ್ಟರು. "ಭಾಳ ದಿನಾ ಮುಂದ ಹಾಕಬ್ಯಾಡ್ರಿ," ಎಂದು ಒತ್ತಿ ಹೇಳಿದರು. ಆಪರೇಶನ್ ಪುಕ್ಕಟೆಯಾಗಲು ಬಡವರಿಗೆ ಕೊಡುವ ಕಾರ್ಡು ನಮಗಿಲ್ಲ. ಕೋಣೆಯಲ್ಲಿ ಹತ್ತಿಯಿತ್ತು, ಅದರ ಧಾರಣೆ ನೆಲ ಕಚ್ಚಿತ್ತು. ಉಳಿದದ್ದು ಮಸ್ಕತ್ತಿನ ಹಣವೊಂದೇ.

ಮನೆಗೆ ಬಂದು ತಮ್ಮನಿಗೆ ಫೋನ್ ಮಾಡಿದೆವು. "ಕಳಸಲೇನಪಾ?" ಎಂದು ಅಪ್ಪನನ್ನು ಕೇಳಿದ.

"ಎಂಟ ದಿನಾ ತಡಿ. ಏರಾಕ ಹತ್ತೈತಿ. ಔಷಧದ ಖರ್ಚರ ಹೊಂಡತೈತಿ."

"ಯಪ್ಪಾ, ಅದು ಅವ್ವನ ಎದಿ. ಹತ್ತಿ ಅಂಡಗಿ ಅಲ್ಲ," ಎಂದೆ. ಕೈಯಲ್ಲಿದ್ದ ಬಂಗಾರದ ಬಳೆ ಬಿಚ್ಚಿ ಅವನ ಮುಂದಿಟ್ಟೆ. ಅವನು ಮುಟ್ಟಲಿಲ್ಲ.

"ಕೊಟ್ಟ ಮಗಳ ಬಂಗಾರ ಒತ್ತಿ ಇಟ್ಟಾನಂತ ಮಂದಿ ಮಾತಾಡಬೇಕೇನು? ಹಾಕ್ಕೋ ಮೊದಲ."

ಸಿಟ್ಟು ನೆತ್ತಿಗೇರಿತ್ತು. ಆದರೆ ಅವ್ವ ಬಾಯಿ ತೆರೆದ ಮೇಲೆ ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಅವಳೂ ರಾಮದುರ್ಗದ ಕಡೆಯ ವ್ಯಾಪಾರದ ಮನೆಯಿಂದಲೇ ಬಂದವಳು. "ಎಂಟ ದಿನದಾಗ ಏನಾಗತೈತಿ ಬಿಡವಾ," ಎಂದಳು. "ನನ್ನ ಮಗ ಬಿಸಲಾಗ ದುಡದದ್ದು. ನಾಕ ದುಡ್ಡ ಹೆಚ್ಚ ಬಂದರ ಬರಲಿ."

ಎಂಟು ದಿನ ಕಳೆಯಿತು. ರಿಯಾಲು ಏರಿತು. ಆದರೆ ಏರುತ್ತಿರುವ ಮಾಲನ್ನು ನಡುವೆ ಬಿಡುವವನು ಅಪ್ಪನ ಲೆಕ್ಕದಲ್ಲಿ ಹುಚ್ಚ. ಬಿದ್ದರೆ ಏರಲಿ ಎಂದು ತಡೆಯುವುದು, ಏರಿದರೆ ಇನ್ನೂ ಏರಲಿ ಎಂದು ತಡೆಯುವುದು. ಸವದತ್ತಿಯಿಂದ ನೋಡಲು ಬಂದ ಸೋದರತ್ತೆ ಅವ್ವನ ಹಣೆಗೆ ದೇವಿಯ ಗುಡ್ಡದಿಂದ ತಂದ ಅರಿಶಿನದ ಭಂಡಾರ ಹಚ್ಚಿ, ಅಪ್ಪನ ಮುಖ ನೋಡಿ, ಚಹಾ ಸಹ ಮುಟ್ಟದೆ ಎದ್ದು ಹೋದಳು. ಅಷ್ಟೊತ್ತಿಗೆ ಅವ್ವನಿಗೆ ಮಲಗಲು ಆಗುತ್ತಿರಲಿಲ್ಲ. ಬೆನ್ನಿಗೆ ದಿಂಬು ಒಟ್ಟಿಕೊಂಡು ಕೂತೇ ಇರುತ್ತಿದ್ದಳು.

ನಾನು ಹಿತ್ತಿಲಿಗೆ ಹೋಗಿ ತಮ್ಮನಿಗೆ ಫೋನ್ ಹಚ್ಚಿದೆ. "ಯಾರನ್ನೂ ಕೇಳಬ್ಯಾಡ ತಮ್ಮಾ. ಕಳಸಿಬಿಡು."

"ಅಪ್ಪ ಬೈತಾನಕ್ಕಾ," ಎಂದ. ಅವ್ವ ರಾತ್ರಿಯೆಲ್ಲ ಕೂತೇ ಇರುತ್ತಾಳೆ ಎಂದೆ. "ನಾಳೆ ಕಳಸತೇನಿ," ಎಂದ.

ಅವನು ಮಾತು ಉಳಿಸಿಕೊಂಡ. ಹಣ ಬಂದದ್ದು ಎಳ್ಳಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ. ಅವ್ವ ಅಂದು ಬೆಳಗ್ಗೆಯೇ ಚಹಾದ ಬಟ್ಟಲು ನನ್ನ ಕೈಗೆ ಕೊಟ್ಟು, ದಿಂಬಿನ ಮೇಲೆ ವಾಲಿ, ಹೋಗಿಬಿಟ್ಟಿದ್ದಳು. ತಮ್ಮ ಬಂದು ಮುಟ್ಟುವವರೆಗೆ ದಾರಿ ನೋಡಿ ಮರುದಿನ ಮಣ್ಣು ಮಾಡಿದೆವು. ಊರ ಮಂದಿಯೆಲ್ಲ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಿದ್ದರು.

ಅಪ್ಪನ ಅಂದಾಜು ತಪ್ಪಲಿಲ್ಲ. ನನಗೆ ಸಹಿಸಲಾಗದ್ದು ಅದೇ. ರಿಯಾಲು ಅವನು ಹೇಳಿದಂತೆಯೇ ಏರಿತು, ಆಮೇಲೂ ಏರಿತು. ಈಗಲೂ ಒಮ್ಮೊಮ್ಮೆ ಆ ನಕ್ಷೆ ತೆಗೆದು, ಡಾಕ್ಟರು ಹೇಳಿದ ದಿನದ ಮೇಲೆ ಬೆರಳಿಡುತ್ತೇನೆ. ಗೆರೆಯಲ್ಲಿ ಅಲ್ಲೊಂದು ಸಣ್ಣ ತಗ್ಗಿದೆ.

ಅವ್ವನ ಕಾರ್ಯಕ್ಕೆ ಹಣ ತೆಗೆಯಲೆಂದು ಅಪ್ಪನ ಜೊತೆ ಬ್ಯಾಂಕಿಗೆ ಹೋದೆ. ನಮ್ಮ ಮನೆಯ ಸುದ್ದಿ ತಿಳಿಯದ ಕ್ಯಾಷಿಯರು ಪರದೆ ನೋಡಿ ಹುಬ್ಬೇರಿಸಿದ. "ಛಲೋ ಟೈಮ್ ನೋಡಿ ತರಿಸೀರಿ ಸಾವಕಾರ್ರ. ಇಷ್ಟ ರೇಟ್ ಈ ವರ್ಷ ಯಾರಿಗೂ ಸಿಕ್ಕಿಲ್ಲ."

ಇಂಥ ಮಾತು ಕೇಳಲೆಂದೇ ಅಪ್ಪ ಬಾಳಿದ್ದ. "ಹೌದ್ರಿ, ತಡದದ್ದಕ್ಕ ಸಿಕ್ಕತು," ಎಂದ ಬಾಯಿಪಾಠದ ಹಾಗೆ. ಆ ಕ್ಷಣ ಅವನನ್ನು ಅಲ್ಲೇ ಬಿಟ್ಟು ಹೋಗಬೇಕೆನಿಸಿತು. ಹೊರಗೆ ಬಂದ ಮೇಲೆ ನನ್ನ ಸೆರಗು ಹಿಡಿದು ನಿಲ್ಲಿಸಿದ.

"ಡಾಕ್ಟರು ಹೇಳಿದ ದಿನಾನ ತರಿಸಿದ್ದರ ಎಷ್ಟ ಕಡಿಮಿ ಬರತಿತ್ತು?"

ನಾನು ಆ ಲೆಕ್ಕ ಆಗಲೇ ಮಾಡಿದ್ದೆ. ಮುಚ್ಚಿಡಬೇಕೆನಿಸಲಿಲ್ಲ. "ಒಂಬತ್ತು ಸಾವಿರ ಚಿಲ್ಲರ," ಎಂದೆ.

"ಬರೇ ಅಷ್ಟ ಏನು?"

"ಅಷ್ಟ, ಯಪ್ಪಾ."

ಅವನು ಬ್ಯಾಂಕಿನ ಮೆಟ್ಟಿಲ ಮೇಲೆ, ಹೋಗುವ ಬರುವ ಮಂದಿಯ ಕಾಲ ನಡುವೆ, ಕೂತುಬಿಟ್ಟ.